ನೂರಕ್ಕೆ ನಲವತ್ತಮೂರು

ಮಂಡ್ಯದ ಸಭಾಂಗಣದ ಬಿಳಿ ಪರದೆಯ ಮೇಲೆ
ನಮ್ಮೂರ ಹೆಸರು ಬಂತು, ಪಕ್ಕದಲ್ಲೊಂದು ಕೆಂಪು ಕಂಬ.
"ಪರಿಶಿಷ್ಟ ಮಕ್ಕಳು, ಐದರಿಂದ ಆರನೇ ತರಗತಿಗೆ:
ನೂರಕ್ಕೆ ನಲವತ್ತಮೂರು ಶಾಲೆ ಬಿಟ್ಟಿದ್ದಾರೆ,"
ಅಂದರು ಸಾಹೇಬರು. ಸ್ವಲ್ಪ ತಡೆದು,
"ಮನೆಯಲ್ಲೇ ಆಸಕ್ತಿ ಇಲ್ಲ ನೋಡಿ."
ಅದಕ್ಕೆ ಮಾತ್ರ ಕಂಬ ಇರಲಿಲ್ಲ.

ಕೊನೆಯ ಸಾಲಿನ ಅತಿಥಿ ಶಿಕ್ಷಕಿ ನಾನು,
ಗಣಿತ; ಸಂಬಳ ಮೂರು ತಿಂಗಳಿಂದ ಸೊನ್ನೆ.
ತಟ್ಟೆಯಲ್ಲಿ ಬಂದ ಬಿಸ್ಕತ್ತು ಎಣಿಸಿದೆ. ಅಭ್ಯಾಸ.

ನೂರು ಮಕ್ಕಳು ಎಲ್ಲಿದ್ದಾರೆ ಸಾರ್?
ಕೇರಿಯಿಂದ ಬರುವವರು
ಆ ತರಗತಿಗೆ ಏಳೇ ಜನ.
ಏಳರಲ್ಲಿ ಮೂವರ ಹೆಸರಿನ ಮುಂದೆ ಅಡ್ಡಗೆರೆ.
ಮೂರನ್ನು ಏಳರಿಂದ ಭಾಗಿಸಿ, ನೂರರಿಂದ ಗುಣಿಸಿ,
ಉಳಿದ ಚೂರುಪಾರು ಉಜ್ಜಿಹಾಕಿದರೆ
ಒಂದು ಊರೇ ಎದ್ದು ಹೋದಂತೆ ಕಾಣುತ್ತದೆ.

ಆ ಮೂವರಲ್ಲಿ ಜೀವಿತಾ
ಪ್ರವೇಶ ಪರೀಕ್ಷೆ ಬರೆದು, ತಾಲ್ಲೂಕಿಗೇ ನಾಲ್ಕನೆಯವಳಾಗಿ
ಮಳವಳ್ಳಿ ಕಡೆಯ ವಸತಿಶಾಲೆ ಸೇರಿದಳು.
ಟಿ.ಸಿ. ಬರೆದುಕೊಟ್ಟವರು ನಮ್ಮ ಹೆಡ್‌ಮಾಸ್ಟರೇ,
ಕಂಪ್ಯೂಟರಿಗೆ ಹೇಳುವುದು ಮರೆತರು.
ಅಲ್ಲಿ ಹಾಜರು, ಇಲ್ಲಿ ಬಿಟ್ಟವಳು.

ಇನ್ನೊಬ್ಬ, ಆಧಾರಿನಲ್ಲಿ ನಂಜಪ್ರಸಾದ,
ರಿಜಿಸ್ಟರಿನಲ್ಲಿ ನಂಜುಂಡ,
ಮೊದಲ ಬೆಂಚಿನಲ್ಲಿ ಇಬ್ಬರೂ ಒಬ್ಬನೇ ಆಗಿ ಕೂತು
ಪೆನ್ಸಿಲ್ ಕಚ್ಚುತ್ತಾನೆ.
"ಲೋ, ನೀನು ಸ್ಕೂಲು ಬಿಟ್ಟಿದೀಯಂತೆ," ಅಂದೆ ಮೊನ್ನೆ.
"ಯಾವಾಗ ಮಿಸ್?" ಅಂದ, ನಿಜಕ್ಕೂ ಗಾಬರಿಯಾಗಿ,
"ಊಟ ಆದ್ಮೇಲಾ?"

ಇಲ್ಲಿಗೇ ನಿಲ್ಲಿಸಿ ಕೂತಿದ್ದರೆ
ನನ್ನದೂ ಒಂದು ಕಂಬವಾಗುತ್ತಿತ್ತು.

ಮೂರನೆಯವಳು ಶೋಭಿತಾ. ಅವಳು ಬಿಟ್ಟಿದ್ದು ಹೌದು.
ಜೂನ್‌ನಲ್ಲಿ ನನ್ನ ಕೈಗೊಂದು ಪಟ್ಟಿ ಬಂದಿತ್ತು,
ಯಾವ ಕೇರಿ, ಎಷ್ಟು ಶೇಕಡಾ, ಯಾರು ನಿಧಾನ.
ಪಟ್ಟಿ ಓದಿ ಅವಳನ್ನು ಹಿಂದಿನ ಬೆಂಚಿಗೆ ಕಳಿಸಿದೆ.
ದಸರಾ ರಜೆಯವರೆಗೆ
ಅವಳ ಕಡೆ ಒಂದು ಪ್ರಶ್ನೆಯನ್ನೂ ಎಸೆಯಲಿಲ್ಲ.
ರಜೆ ಮುಗಿಯಿತು, ಬೆಂಚಿತ್ತು.

ಸಭಾಂಗಣದಲ್ಲಿ ಕೈ ಎತ್ತಿದ್ದು ನಿಜ.
"ಡೇಟಾ ಮೇಲಿಂದ ಬಂದಿದೆ ಮೇಡಂ," ಅಂದರು.
ಮೇಲೆ ಫ್ಯಾನು ತಿರುಗುತ್ತಿತ್ತು.

ಬಸ್ಸಿಳಿದವಳು ನೇರ ಆಲೆಮನೆಗೆ ಹೋದೆ.
ಕೊಪ್ಪರಿಗೆಯ ಹಬೆಯಾಚೆ ಅವರವ್ವ ಕೆಂಪಾಜಮ್ಮ
ಕೈ ಒರೆಸಿಕೊಂಡಳು, ಕೂರು ಅನ್ನಲಿಲ್ಲ.
"ಪುಸ್ತಕ ಎಲ್ಲಾನೂ ಕವರ್ರಲ್ಲಿ ಸುತ್ತಿ
ಟ್ರಂಕಲ್ ಮಡಗಿವ್ನಿ.
ನೀವೇ ಕೇಳ್ನಿಲ್ವಂತಲ್ಲ ಮಿಸ್ಸು, ಒಂದ್ ಪ್ರಶ್ನೇನೂವೆ."

ಮಗಳು ಒಣಗಿದ ಸಿಪ್ಪೆ ಒಲೆಗೆ ತಳ್ಳುತ್ತಿದ್ದಳು.
ನನಗೆ ಬೇರೇನೂ ತೋಚಲಿಲ್ಲ.
"ಮೂರನ್ನ ಏಳರಿಂದ ಭಾಗಿಸು, ನೋಡಾನ," ಅಂದೆ.

ಇದ್ದಿಲ ಚೂರೊಂದು ಆರಿಸಿಕೊಂಡು
ಗೋಡೆಯ ಮೇಲೆ ಶುರುಮಾಡಿದಳು.
ಸೊನ್ನೆ, ಬಿಂದು, ನಾಲ್ಕು, ಎರಡು, ಎಂಟು,
ಐದು, ಏಳು, ಒಂದು,
ಮತ್ತೆ ನಾಲ್ಕು. ಗೋಡೆಯ ಮೂಲೆ ತಲುಪಿ
ನನ್ನ ಕಡೆ ತಿರುಗಿದಳು, ಸಿಡುಕಿನಿಂದ:

"ಇದು ಮುಗಿಯಾಕಿಲ್ಲ ಮಿಸ್.
ಯಾರು ಮುಗಿಸ್ದೋರು?"