ಒಣ ಸೇತುವೆ

ತ್ಬಿಲಿಸಿಯಲ್ಲಿ ಇದಕ್ಕೆ ಒಣ ಸೇತುವೆ ಎಂದೇ ಹೆಸರು.
ಕೆಳಗಿದ್ದ ಹೊಳೆಯ ಕವಲನ್ನು ಯಾವಾಗಲೋ ಮುಚ್ಚಿದರಂತೆ,
ಸೇತುವೆಯನ್ನು ಕೀಳುವ ಗೋಜಿಗೆ ಯಾರೂ ಹೋಗಲಿಲ್ಲ.
ಅಲ್ಲಿ ಚಾದರ ಹಾಸಿ ಸಿಯಾಲಾ ಕೂತಿದ್ದಳು,
ಪದಕ, ಚಮಚ, ಜೊತೆ ತಪ್ಪಿದ ಒಂದು ಓಲೆ,
ನಡುವೆ ಈ ಲೆನ್ಸು.
“ನನ್ನಣ್ಣ ನೋದಾರ್‌ನದು. ಪಾಸ್‌ಪೋರ್ಟ್ ಫೋಟೋ ತೆಗೀತಿದ್ದ.
ಮೊದಲು ಕ್ಯಾಮೆರಾ ಕೆಟ್ಟಿತು, ಆಮೇಲೆ ಅವನು.
ಮೂವತ್ತಕ್ಕೆ ತಗೊಂಡು ಹೋಗು,”
ಎಂದು ಸೂರ್ಯಕಾಂತಿಯ ಸಿಪ್ಪೆ ಉಗಿದಳು.

ಹಳೆಯ ಕ್ಯಾಮೆರಾದ ಹೊಟ್ಟೆಯಲ್ಲೊಂದು ಕನ್ನಡಿ,
ಅದು ಎದ್ದು ಬೀಳುವುದಕ್ಕೆ ಒಂದಿಷ್ಟು ಅಂಗಳ.
ಈಗ ಕನ್ನಡಿಯನ್ನೇ ತೆಗೆದರು, ನನ್ನ ಕ್ಯಾಮೆರಾ
ಬಿಸ್ಕತ್ತಿನ ಹಾಗೆ ತೆಳ್ಳಗಾಯಿತು.
ಈ ಗಾಜಿಗೆ ಮಾತ್ರ ಸುದ್ದಿ ಮುಟ್ಟಿಲ್ಲ.
ನಲವತ್ತೈದೂವರೆ ಮಿಲಿಮೀಟರ್ ಹಿಂದೆ,
ಯಾರೂ ಇಲ್ಲದ ಕಡೆ,
ಇವತ್ತಿಗೂ ಬೆಳಕನ್ನು ತಂದು ಸುರಿಯುತ್ತದೆ,
ಮೇಜಿನ ತುದಿಯಲ್ಲಿ
ಇಲ್ಲದವನ ಲೋಟಕ್ಕೂ ವೈನ್ ತುಂಬುವ ಹಾಗೆ.

ಆ ದೂರವನ್ನು ಕಾದಿಡುವ ಬಳೆ, ಅಡಾಪ್ಟರು.
ಒಳಗೆ ಗಾಜಿಲ್ಲ. ಕಪ್ಪು ಬಳಿದ ಬಯಲು, ಅಷ್ಟೆ.
ಒಂದು ಬಾಯಿ ತಿರುಪಿಗೆ, ಇನ್ನೊಂದು ಕೊಂಡಿಗೆ;
ಮುನಿಸಿಕೊಂಡ ಬೀಗರ ನಡುವೆ ಕೂತು
ಎರಡೂ ಕಡೆ ತಲೆಯಾಡಿಸುವ ಸೋದರಮಾವ.

ಹಾಕಿ ನೋಡಿದೆ. ಪರದೆಯ ಮೇಲೆ ಕೆಂಪಕ್ಷರ:
ಲೆನ್ಸ್ ಇಲ್ಲ.
ಕೈಯಲ್ಲಿ ಅರ್ಧ ಸೇರು ತೂಗುತ್ತಿದೆಯಲ್ಲ ಮಾರಾಯ!
ಇಲ್ಲದಿದ್ದರೂ ಕ್ಲಿಕ್ಕಿಸು ಎಂದು
ಮೆನುವಿನ ಏಳನೇ ಪುಟದಲ್ಲಿ ಒಪ್ಪಿಸಬೇಕಾಯಿತು.
ಹತ್ತಿರದ ಬಾಗಿಲಚಿಲಕ ಚೂಪಾಗಿ ಬಂತು,
ಬೆಕ್ಕಿನ ಮೀಸೆ ಬಂತು,
ಗುಡ್ಡದ ಮೇಲಿನ ಗೋಪುರ ಮಾತ್ರ ಹಾಲಿಗೆ ಬಿದ್ದ ಬೆಲ್ಲ.
ಉಂಗುರವನ್ನು ಅನಂತದ ಗುರುತಿಗೆ,
ಮಲಗಿದ ಎಂಟಿಗೆ, ತಿರುಗಿಸಿದರೂ
ಹನ್ನೊಂದು ಮೀಟರಿನಾಚೆ ಲೋಕವೇ ಇಲ್ಲ.

ರೈಲು ಹಳಿಯ ಹಿಂದೆ ಗುರಾಮ್‌ನ ಲೇತು.
ಒಂದು ಕಾಲಕ್ಕೆ ವಿಮಾನದ ತಿರುಪು ಕಡೆದವನು,
ಈಗ ಬೀಗದ ಕೈ, ಮಾಂಸ ರುಬ್ಬುವ ಯಂತ್ರದ ಹಲ್ಲು.
ಅಡಾಪ್ಟರನ್ನು ಅಳೆದು ನಕ್ಕ: “ಲಮಾರಾ,
ಮೂರು ಕೂದಲೆಳೆ ದಪ್ಪ. ಅಗ್ಗದ ಮಾಲು.
ಅಷ್ಟಕ್ಕೇ ನಿನ್ನ ಅನಂತ ನಿಂತುಹೋಗಿದೆ.”
ಕಡೆದ. ಅಲ್ಯೂಮಿನಿಯಮ್ಮಿನ ಸುರುಳಿಯೊಂದು
ಅವನ ಚಪ್ಪಲಿಯ ಮೇಲೆ ಬಿದ್ದು ಹೊಳೆಯಿತು.
ಲೆನ್ಸನ್ನೂ ತಿರುವಿ ನೋಡಿ, ಸುಮ್ಮನಾದ.
“ಒಂದೂವರೆ ಮೀಟರಿನಲ್ಲಿ ಬೆಣ್ಣೆ,
ಅದರಾಚೆ ಗ್ರೀಸು ಕಲ್ಲಾಗಿದೆ.
ಇದು ದೂರ ನೋಡಿದ್ದೇ ಇಲ್ಲ ಕಣೇ.”

ಇರಬೇಕು. ಸ್ಟೂಲಿನಿಂದ ಗೋಡೆಗೆ ಎಷ್ಟೋ ಅಷ್ಟೇ.
ಹೊರಟವರೆಲ್ಲ ಅದರೆದುರು ಒಂದು ನಿಮಿಷ ಕೂತು
ಕಿವಿ ಕಾಣುವಂತೆ ಕೂದಲು ಸರಿಸಿಕೊಂಡು
ಎಲ್ಲೆಲ್ಲಿಗೋ ಹೋದರು.
ಲೆನ್ಸು ಕದಲಲಿಲ್ಲ.

ಶನಿವಾರ ಸಿಯಾಲಾಗೆ ಗೋಪುರದ ಚಿತ್ರ ತೋರಿಸಿದೆ,
ತಂತಿ ತಂತಿಯೂ ಎಣಿಸುವ ಹಾಗಿತ್ತು.
“ಅದು ದಿನಾ ಕಾಣ್ತದಲ್ಲ,” ಎಂದಳು.
ಆಮೇಲೆ ತುಟಿಯ ಸಿಪ್ಪೆ ಒರೆಸಿಕೊಂಡು
ಎದುರು ಮನೆಯ ಸುಣ್ಣದ ಗೋಡೆಗೆ ಬೆನ್ನು ಕೊಟ್ಟು
ಬೆನ್ನೆಲುಬು ನೆಟ್ಟಗೆ ಮಾಡಿ ನಿಂತಳು:
“ಒಂದು ಪಾಸ್‌ಪೋರ್ಟಿನದು ತೆಗಿ. ಹಳೇದರ ಅವಧಿ ಮುಗೀತು.”
“ಎಲ್ಲಿಗೆ?”
“ಎಲ್ಲಿಗೂ ಇಲ್ಲ.”

ನನ್ನ ಬೆರಳು ಹುಡುಕಬೇಕಾಗಲಿಲ್ಲ,
ಉಂಗುರವೇ ಜಾರಿ ತನ್ನ ಜಾಗಕ್ಕೆ ಹೋಗಿ ಕೂತಿತು.
ಪರದೆ ತನ್ನ ಪಾಡಿಗೆ ಲೆನ್ಸ್ ಇಲ್ಲ, ಲೆನ್ಸ್ ಇಲ್ಲ ಎನ್ನುತ್ತಿತ್ತು.
ಅವಳು ಗಂಟಲು ದಪ್ಪ ಮಾಡಿ,
ತನಗೆ ತಾನೇ ಗದರಿಕೊಂಡಳು:
“ಗಲ್ಲ ಮೇಲೆ. ರೆಪ್ಪೆ ಮಿಟುಕಿಸಬೇಡ.”