ನೀಲಿ ಟೇಪು

ಕೆಲಸ ಮುಗಿಯಿತೆಂದು ಎಲಿಯೊದೋರೊ ಹೇಳಿಹೋದ ರಾತ್ರಿ
ಟಾರ್ಚು ಹಿಡಿದು ಹೊಸ ಬಚ್ಚಲಿಗೆ ಹೋದೆ.
ಮೂವತ್ತೊಂದು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವಳು ನಾನು,
ಬಿಟ್ಟುಹೋದ ಅಲ್ಪವಿರಾಮ ನನಗೆ
ಕಾಲಿಗೆ ಚುಚ್ಚಿದ ಮುಳ್ಳು.

ಗೋಡೆಗೆ ಟಾರ್ಚು ಒರಗಿಸಿ ಬೆಳಕನ್ನು ಅಡ್ಡ ಹಾಯಿಸಿದರೆ
ನುಣುಪೆಂದುಕೊಂಡದ್ದೆಲ್ಲ ಗುಡ್ಡ, ಕಣಿವೆ,
ವಾಲ್ಪರಾಯಿಸೊ ಊರೇ ಗೋಡೆಯ ಮೇಲೆ.
ಒಂದು ಬಿಲ್ಲೆಯ ಅಂಚು ಉಗುರಿಗೆ ತಡೆಯುತ್ತದೆ.
ಕನ್ನಡಿಯ ಕೆಳಗೆ ಸಿಲಿಕೋನು
ಇರುವೆ ಸಾಲಿನಂತೆ ತುಸು ಡೊಂಕು.
ನಲ್ಲಿಯ ಬಳೆ ಪೂರ್ತಿ ಕೂತಿಲ್ಲ,
ಸಂದಿನಲ್ಲಿ ಕೂದಲೆಳೆಯಷ್ಟು ಕತ್ತಲು.
ಮತ್ತೆ, ಬಾಗಿಲ ಹಿಂದೆ, ಮೂರನೆಯ ಸಾಲಿನಲ್ಲಿ
ಹೂವೊಂದು ತಲೆಕೆಳಗು:
ಎಲ್ಲವೂ ಮೇಲೆ ನೋಡುವಾಗ ಇದೊಂದು
ನೆಲದಲ್ಲಿ ಏನೋ ಕಳೆದುಕೊಂಡಂತೆ.

ಕಂಡಕಂಡಲ್ಲಿ ನೀಲಿ ಟೇಪು ಹಚ್ಚಿದೆ.
ಇಪ್ಪತ್ತಮೂರು.
ಹಲ್ಲುಜ್ಜಲು ಬಂದ ಬಾಲ್ದೊಮೆರೊ ಬಾಗಿಲಲ್ಲೇ ನಿಂತ.
"ಸಿಡುಬು ಎದ್ದಿದೆಯಲ್ಲೇ ಇದಕ್ಕೆ," ಅಂದ.
ಮೂರು ತಿಂಗಳು ನೆರೆಮನೆಯ ಬಚ್ಚಲ ಮುಂದೆ
ಟವೆಲು ಬಗಲಲ್ಲಿಟ್ಟು ಸರದಿ ಕಾದವನು;
ಬಿಸಿನೀರು ಬಂದರೆ ಸಾಕು ಅವನಿಗೆ,
ಗೋಡೆಯೇ ತಲೆಕೆಳಗಿದ್ದರೂ ಸರಿ.

ಮಲಗಿದ ಮೇಲೆ ಲೆಕ್ಕ.
ಕೊನೆಯ ಕಂತು ಇನ್ನೂ ನನ್ನ ಡಬ್ಬಿಯಲ್ಲಿದೆ.
ಹಿಡಿದಿಟ್ಟರೆ ಆತ ಬರುತ್ತಾನೆ,
ಬಂದರೆ ಮತ್ತೆ ಧೂಳು, ಮೆಟ್ಟಿಲಿಗೆ ಮತ್ತೆ ಹಳೇ ಪೇಪರು,
ಆ ಪೇಪರಿನಲ್ಲೂ ನಾನು ಬಿಟ್ಟ ತಪ್ಪು.
ಕೊಟ್ಟುಬಿಟ್ಟರೆ
ದಿನಾ ಬೆಳಿಗ್ಗೆ ಆ ಹೂವು, ನಾನು, ಮುಖಾಮುಖಿ.
ಮೊಸರಲ್ಲಿ ಕಲ್ಲು ಹುಡುಕುವವಳು ಎನ್ನುತ್ತಿದ್ದರು ಅತ್ತೆ.
ಇತ್ತಲ್ಲ ಕಲ್ಲು, ನಾನೇನು ಮಾಡಲಿ?

ಎಲಿಯೊದೋರೊ ಬಂದ. ಟೇಪುಗಳನ್ನು
ಎಡದಿಂದ ಬಲಕ್ಕೆ ಓದಿದ.
ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು ನನಗೆ.
ಬಕೆಟ್ಟು ತುಂಬಿ ನೆಲಕ್ಕೆ ಸುರಿದ.
ನೀರು ಓಡಿತು, ಓಡಿ, ಮೂಲೆಯಲ್ಲೊಂದು ಕಡೆ
ಅಂಗೈಯಗಲ ನಿಂತಿತು, ಹೋಗಲೊಲ್ಲೆ ಎಂದು.
"ಇಲ್ಲಿ ನೀವು ಟೇಪು ಹಚ್ಚಿಲ್ಲ, ಸೆನ್ಯೋರಾ ಇಸ್ಮೇನಿಯಾ.
ಇದು ತಪ್ಪು. ಒಡೆದು ಸರಿಮಾಡುತ್ತೇನೆ, ದುಡ್ಡು ಬೇಡ.
ಉಳಿದದ್ದು ನೀವು ಹೇಳಿದ ಹಾಗೆ. ಆದರೆ ಆ ಹೂವು ಕಿತ್ತರೆ
ಪಕ್ಕದ್ದು ಸುಮ್ಮನಿರುವ ಭರವಸೆ ನನಗಿಲ್ಲ.
ಆ ಬಿಲ್ಲೆ ಅಂಗಡಿಗೆ ಈಗ ಬರುವುದೂ ಇಲ್ಲ."

ನೆನಪಾಯಿತು: ಒಮ್ಮೆ ಮರಣವಾರ್ತೆಯ ಅಂಕಣದಲ್ಲಿ
ಬದುಕಿದ್ದವನೊಬ್ಬನ ಹೆಸರನ್ನು
ಒಂದಕ್ಷರ ತಪ್ಪಿಲ್ಲದೆ
ಮುದ್ರಣಕ್ಕೆ ಕಳಿಸಿದ್ದೆ.

ನೆಲ ಒಡೆದ, ಇಳಿಜಾರು ಕೂಡಿಸಿದ.
ನಲ್ಲಿಯ ಬಳೆ ತಿರುಪಿದ, ಎರಡೇ ನಿಮಿಷ.
ಟೇಪುಗಳನ್ನು ನಾನೇ ಕಿತ್ತೆ. ಕೆಲವು
ಯಾತಕ್ಕೆ ಹಚ್ಚಿದ್ದೆನೋ ಹಗಲಲ್ಲಿ ನನಗೇ ಸಿಗಲಿಲ್ಲ.
ಹೂವಿನದ್ದು ಕೊನೆಗೆ.
ದುಡ್ಡು ಎಣಿಸಿ ಕೊಟ್ಟೆ.

ಈಗ ಭಾನುವಾರದ ಊಟಕ್ಕೆ ಬಂದವರೆಲ್ಲ
ಕೈತೊಳೆದು ಬಂದು ಎಷ್ಟು ಚೆಂದ ಅನ್ನುತ್ತಾರೆ.
ನಾದಿನಿ ಒತಿಲಿಯಾ ಅಂತೂ ಬಾಗಿಲು ಹಾಕಿಕೊಂಡು
ಕಾಲು ಗಂಟೆ ಕೂತಿದ್ದಳು, ಅದರ ಎದುರಿಗೇ.
ಹೊರಬಂದು ಟವೆಲಿನ ಬಣ್ಣ ಹೊಗಳಿದಳು.
ಕಾದೆ.
ಇನ್ನೇನೂ ಹೇಳಲಿಲ್ಲ.
ಸೂಪು ಬಡಿಸುತ್ತ, ತಡೆಯಲಾರದೆ, ನಾನೇ ಕೇಳಿದೆ:
"ಬಾಗಿಲ ಹಿಂದೆ, ಮೂರನೆಯ ಸಾಲು, ನೋಡಿದೆಯೇನೇ?"
ಮೇಜಿನಡಿ ಬಾಲ್ದೊಮೆರೊ ನನ್ನ ಕಾಲು ತುಳಿದ.