ಬಸ್ಸು ಬಿಟ್ಟವನು

ಮೂವತ್ತೊಂದು ವರ್ಷ ಇದೇ ದಾರಿಯಲ್ಲಿ ಬಸ್ಸು ಬಿಟ್ಟೆ,
ರೆಡೊಂಡೊದಿಂದ ಸೆರ್ಪಾಕ್ಕೆ, ಸೆರ್ಪಾದಿಂದ ರೆಡೊಂಡೊಕ್ಕೆ.
ಇದು ಏರು ಎಂದು
ಇವತ್ತು ತೊಡೆ ಹೇಳಿದ ಮೇಲೆ ಗೊತ್ತಾಯಿತು.

ಬೆಳಗಿನ ಆರು. ಮಗಳ ಹಳೇ ಸೈಕಲ್ಲು,
ಹಿಂದೆ ಎರಡು ಚೀಲ, ಮುಂದೊಂದು ಗಂಟೆ.
ಬಾರಿಸೋಣವೆಂದರೆ ರಸ್ತೆಯಲ್ಲಿ ಯಾರಿದ್ದಾರೆ?
ಒಮ್ಮೆ ಸುಮ್ಮನೆ ಬಾರಿಸಿದೆ. ಒಂದು ಕುರಿ ತಲೆಯೆತ್ತಿತು.

ಅಲೆಂಟೆಜೊದ ಬಯಲು ಬಯಲಲ್ಲ.
ಗಾಜಿನ ಹಿಂದೆ ಕೂತವರು ಹಬ್ಬಿಸಿದ ಸುಳ್ಳು ಅದು.
ನೆಲ ಇಲ್ಲಿ ಮಲಗಿದ ಹಸುವಿನ ಹೊಟ್ಟೆ,
ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಉಬ್ಬುತ್ತದೆ.
ಇಳಿಜಾರು ಸಿಕ್ಕಿತೆಂದು ಹಿಗ್ಗಬೇಡಿ,
ಮುಂದಿನ ಏರು ಕೊಟ್ಟ ಮುಂಗಡ ಅದು,
ಬಡ್ಡಿ ಸಮೇತ ವಸೂಲಾಗುತ್ತದೆ.

ಕಾರ್ಕ್ ಮರಗಳು ತೊಗಟೆ ಸುಲಿಸಿಕೊಂಡು
ಕೆಂಪಗೆ, ಸಂಕೋಚವಿಲ್ಲದೆ ನಿಂತಿವೆ.
ಮೈಮೇಲೆ ಬಿಳಿ ಬಣ್ಣದ ಅಂಕಿ,
ಸುಲಿದ ವರ್ಷದ ಕೊನೆಯ ಅಂಕಿ.
ಮತ್ತೆ ಕೊಡಲಿ ಮುಟ್ಟಲು ಒಂಬತ್ತು ವರ್ಷ ತಡೆಯಬೇಕು.
ಮೂರು. ಮೂರು. ಎಂಟು. ಮೂರು.
ಬಸ್ಸಿನಿಂದ ಇವೆಲ್ಲ
ಒಂದೇ ಒಂದು ಹಸಿರು ಗೀರು.

ಸೇತುವೆಯ ಮೇಲೆ ಗಾಳಿ ಅಡ್ಡಡ್ಡ ಹೊಡೆಯಿತು.
ಕೆಳಗೆ ಅಣೆಕಟ್ಟಿನ ನೀರು. ನೀರಿನಡಿ
ನನ್ನ ಎರಡು ಸ್ಟಾಪುಗಳಿವೆ.
ಈಗ ಅಲ್ಲಿ ಮೀನುಗಳು ಹತ್ತುತ್ತವೆ, ಇಳಿಯುತ್ತವೆ,
ಚಿಲ್ಲರೆಗಾಗಿ ಜಗಳವಿಲ್ಲ.

ಎಂಬತ್ತೆರಡನೆಯ ಕಿಲೋಮೀಟರಿಗೆ ನೀರು ಮುಗಿಯಿತು.
ವಾಲ್ ಸೆಕೊ. ಬಸ್ಸು ನಿಂತುಹೋಗಿ ನಾಲ್ಕು ವರ್ಷ,
ತಂಗುದಾಣ ಹಾಗೇ ಇದೆ. ಸೂರಿನಡಿ ಹಕ್ಕಿಗಳ ಮಣ್ಣುಗೂಡು,
ಗೋಡೆಗೆ ನನ್ನ ಕಾಲದ ವೇಳಾಪಟ್ಟಿ,
ಬಿಸಿಲು ಅರ್ಧ ತಿಂದು ಬಿಟ್ಟದ್ದು.
ಬೆಂಚಿನ ಮೇಲೆ ಬಟಾಣಿ ಸುಲಿಯುತ್ತ ಒಬ್ಬ ಮುದುಕಿ,
ಮನೆಗಿಂತ ಇಲ್ಲೇ ತಂಪಂತೆ.

ಹೂಜಿ ಬಗ್ಗಿಸಿದಳು. ನನ್ನ ಮುಖ ನೋಡಿದಳು. ಹೊಟ್ಟೆ ನೋಡಿದಳು.
“ನೀನು ಆ ಬಸ್ಸಿನವನಲ್ಲವಾ?
ಜನವರಿ ಮಳೆಯಲ್ಲಿ ಕೈ ಅಡ್ಡ ಹಿಡಿದಿದ್ದೆ.
ಕೆಸರು ಹಾರಿಸಿಕೊಂಡು ಹೋದೆ.”
ಯಾವ ಜನವರಿ ಎಂದು ನಾನು ಕೇಳಲಿಲ್ಲ.
ಅಂಥವು ನನ್ನ ಲೆಕ್ಕದಲ್ಲಿ ಒಂದೇ ಅಲ್ಲ.
ಅವತ್ತು ತಡವಾಗಿತ್ತು, ಅಂದೆ.
“ನನಗೂ ಆಯಿತು,” ಅಂದಳು.
ಕಾಳೊಂದು ಬೋಗುಣಿಗೆ ಟಣ್ಣೆಂದು ಬಿತ್ತು.
“ಇವತ್ತಾದರೂ ನಿಲ್ಲಿಸಿದೆಯಲ್ಲ.”

ಎತೆಲ್ವೀನಾ ಅಂತ ಹೆಸರು.
ಒಳಗೆ ಹೋಗಿ ಒಂದೇ ಒಂದು ಬೂಟು ತಂದಳು, ಎಡಗಾಲಿನದು.
“ಸೆರ್ಪಾದಲ್ಲಿ ಬೂಟು ಹೊಲಿಯುವ ಆಬೀಲಿಯೊ ಇದ್ದಾನಲ್ಲ,
ಅವನ ಕೈಗೆ ಕೊಡು, ಹೊಸ ಅಟ್ಟೆ ಹಾಕಲಿ.
ಬಲಗಾಲಿನದು ಗಟ್ಟಿ ಇದೆ.
ಒಂದು ಬೂಟಿಗೆ ಟ್ಯಾಕ್ಸಿ ಮಾಡಲಾ?”
ಹಣ ಕೊಡಲು ಬಂದಳು. ಬೂಟಿಗೆ ಟಿಕೆಟ್ಟಿಲ್ಲ, ಅಂದೆ.
ನಗಲಿಲ್ಲ. ಹೊತ್ತಾಯಿತು ಹೊರಡು, ಅಂದಳು.

ಮಧ್ಯಾಹ್ನ ಡಾಂಬರಿನ ಮೇಲೆ ಅಂಟುತ್ತಿತ್ತು.
ಕ್ಯಾರಿಯರಿಗೆ ಬಿಗಿದ ಬೂಟು ಗುಂಡಿ ಬಂದಾಗೆಲ್ಲ
ಮಡ್‌ಗಾರ್ಡಿಗೆ ಒದೆಯಿತು, ಟಕ್, ಟಕ್,
ಹಿಂದಿನ ಸೀಟಿನವರು ಇಳಿಯಬೇಕೆಂದು ತಟ್ಟಿದ ಹಾಗೆ.
ಎರಡು ಸಲ ನಿಲ್ಲಿಸಿಯೂ ಬಿಟ್ಟೆ.
ಆಲಿವ್ ತೋಪಿನ ನಡುವೆ, ಯಾರೂ ಇಳಿಯದ ಕಡೆ,
ಒಂದು ಕಾಲೂರಿ ನಿಂತು, ಹಿಂದಿರುಗಿ ನೋಡಿ,
ಮತ್ತೆ ತುಳಿದೆ.

ಸೆರ್ಪಾ ತಲುಪಿದಾಗ ಎಂಟೂವರೆ. ಆಬೀಲಿಯೊ ಅಂಗಡಿಗೆ ಬೀಗ.
ಪಕ್ಕದ ಕಾಫಿಯವನು ಹೇಳಿದ:
“ನಾಳೆ ಬರುತ್ತಾನೆ. ಅಟ್ಟೆ ಅಂದರೆ ಒಂದು ದಿನ. ಮಾತು ಸೇರಿದರೆ ಎರಡು.”
ನಾಳೆ ಬೆಳಿಗ್ಗೆ ಗಡಿ ದಾಟುವ ಯೋಚನೆಯಿತ್ತು ನನಗೆ,
ನಾನು ಬಸ್ಸು ಬಿಡದ ಯಾವುದಾದರೂ ರಸ್ತೆ ಹಿಡಿದು.

ಈಗ ಕೋಣೆಯ ಕಿಟಕಿಯಲ್ಲಿ ಎಡಗಾಲಿನ ಬೂಟು,
ಸ್ಪೇನಿನ ಕಡೆಗೆ ಮೂತಿ.
ನಕ್ಷೆಯ ಹಿಂಬದಿಯಲ್ಲಿ, ಕೈಯ ಹಳೇ ಚಾಳಿಗೆ, ಬರೆದೆ:
ಸೆರ್ಪಾ, ಗುರುವಾರ, ಆರು ಗಂಟೆ.
ವಾಲ್ ಸೆಕೊ,
ಇಲ್ಲಿ ಪೆನ್ನು ನಿಂತಿತು. ಬಸ್ಸಿಗೆ ನಲವತ್ತು ನಿಮಿಷ.
ತೊಡೆಯನ್ನು ಕೇಳಿದೆ.
ಅದು ಆಗಲೇ ನಿದ್ದೆ ಹೋಗಿತ್ತು.